ಓವರ್‌ಟೇಕ್ ಭೋಂಗಾಕ್ಕೆ ಕೊನೇವರೆಗೂ ಗಾಳಿ ಉಳಿಸಿದ್ದು – ನನ್ನ ಅನುಭವ

ಗೋವಾದ ಮಾಂಡವಿ ನದೀಲಿ ಅದಿರು ಸಾಗಿಸೋ ಬಾರ್ಜ್ ಓಡಿಸೋರಿಗೆ ನಾನೇನೂ ಹೇಳಿಕೊಡಬೇಕಿಲ್ಲ, ಓವರ್‌ಟೇಕ್ ಮಾಡುವಾಗ ಭೋಂಗಾ, ಅಂದ್ರೆ ಹಾರ್ನ್, ಎರಡು ಉದ್ದ ಒಂದು ಗಿಡ್ಡ ಹೊಡೆದ್ರೆ ಮುಂದಿನವನ ಬಲಗಡೆಯಿಂದ ಹೋಗ್ತೀನಿ ಅಂತ, ಎರಡು ಉದ್ದ ಎರಡು ಗಿಡ್ಡ ಅಂದ್ರೆ ಎಡಗಡೆಯಿಂದ. ಆದ್ರೆ ಹೊಡೆಯೋರು ಯಾರು? "ವಿಎಚ್‌ಎಫ್ ರೇಡಿಯೋ ಇದ್ಯಲ್ಲ ಮಾರಾಯ, ಭೋಂಗಾ ಯಾಕೆ?" ಅಂತ ನಕ್ಕವರೇ ಜಾಸ್ತಿ. ಆ ರೇಡಿಯೋದಲ್ಲಿ ನಾಲ್ಕು ಜನ ಒಟ್ಟಿಗೇ ಕೊಂಕಣಿಲಿ ಕೂಗ್ತಿದ್ರೆ ಯಾರು ಯಾರಿಗೆ ಹೇಳಿದ್ದು ಅಂತ ಯಾವನಿಗೆ ಗೊತ್ತಾಗುತ್ತೆ.

ನನ್ನ ತಲೆನೋವು ಬೇರೆ. ಯಾವ ಕಡೆ ಅಂತ ಹೇಳೋದೇ ಕೊನೇ ಗಿಡ್ಡ, ಎರಡು ಉದ್ದ ಮುಗಿಯೋ ಹೊತ್ತಿಗೆ ಹಾರ್ನಿನ ಗಾಳಿ ಟ್ಯಾಂಕ್ ಖಾಲಿ, ಗಿಡ್ಡ ಬರೋದು 'ಪುಸ್' ಅಂತ. ಮುಂದಿನವನ ವೀಲ್‌ಹೌಸ್ (ಚುಕ್ಕಾಣಿ ಕೋಣೆ) ಕೆಳಗೇ ಇಂಜಿನ್ ಸದ್ದು, ಎರಡು ಗಿಡ್ಡದಲ್ಲಿ ಒಂದೇ ಕೇಳಿದ್ರೆ ನಾನು ಬರೋ ಕಡೆಗೇ ಸರೀತಾನೆ.

ಮೊದಲು ಬಸ್ಸಿನ ಎಲೆಕ್ಟ್ರಿಕ್ ಹಾರ್ನ್, ಹೆಚ್ಚುಕಮ್ಮಿ ಸಾವಿರದೈನೂರು ದಂಡ. ಕೀರಲು ಧ್ವನಿ, ಇಂಜಿನ್ ಸದ್ದಲ್ಲಿ ಮುಳುಗೋಯ್ತು. ನಮ್ಮಂಥ 75 ಮೀಟರ್ ಒಳಗಿನ ಬಾರ್ಜ್‌ಗೆ ಹಡಗುಗಳ ಡಿಕ್ಕಿ ತಡೆಯೋ ರೂಲಲ್ಲಿ ಹಾರ್ನಿನ ಸ್ವರ 250ರಿಂದ 700 ಹರ್ಟ್ಜ್, ನಾನು ಕೆಳಗಿನ ತುದಿಯ ದಪ್ಪ ಧ್ವನಿ ಹಿಡಿದೆ, ಉದ್ದ ಕೊಳವೆ ಹಾರ್ನ್, ನಾಲ್ಕು ಸಾವಿರ ಚಿಲ್ಲರೆ. ದೊಡ್ಡ ಕಂಪ್ರೆಸರ್ ಹಾಕಿದ್ರೆ ಬ್ಯಾಟರಿ ಬಿದ್ದೋಯ್ತು. ಇಂಜಿನ್ ಸ್ಟಾರ್ಟ್ ಮಾಡೋ ಗಾಳಿ ಬಾಟಲಿಂದ ಗಾಳಿ ತಗೋತೀನಿ ಅಂದ್ರೆ ಇಂಜಿನ್ ನೋಡೋ ಡ್ರೈವರ್ ಜಗಳಕ್ಕೇ ಬಂದ.

2018ರಲ್ಲಿ ಗಣಿ ಮತ್ತೆ ನಿಂತು ಬಾರ್ಜ್ ದಡಕ್ಕೆ ಕಟ್ಟಿದಾಗ ಪುರುಸೊತ್ತು ಸಿಕ್ತು. ಗುಜರಿಯಿಂದ ಲಾರಿ ಬ್ರೇಕಿನ ಏರ್ ಟ್ಯಾಂಕ್ ಎರಡು ತಂದೆ, ಪ್ರೆಶರ್ ಟೆಸ್ಟ್ ಮಾಡಿಸಿಯೇ ಹಾಕಿದ್ದು. ಒಂದು ಉದ್ದಕ್ಕೆ, ಇನ್ನೊಂದು ಗಿಡ್ಡಕ್ಕೆ ಮಾತ್ರ, ಮಧ್ಯೆ ಗಾಳಿ ವಾಪಸ್ ಬಿಡದ ನಾನ್-ರಿಟರ್ನ್ ವಾಲ್ವ್, ಮೊದಲ್ನೇದು ಬರಿದಾದ್ರೂ ಎರಡನೇದು ತುಂಬಿರುತ್ತೆ. ಫೋಂಡಾದ ಒಬ್ಬ ರೇಡಿಯೋ ರಿಪೇರಿಯವನು ಟೈಮರ್ ಡಬ್ಬಿ ಕಟ್ಟಿಕೊಟ್ಟ, ಎಡಕ್ಕೊಂದು ಬಲಕ್ಕೊಂದು ಬಟನ್. ಉದ್ದಕ್ಕೆ 4ರಿಂದ 6 ಸೆಕೆಂಡ್ ರೂಲ್, ನಾನು ನಾಲ್ಕೂವರೆಗೆ ಇಟ್ಟೆ, ಗಾಳಿ ಉಳೀತದೆ. ಕೈಯಲ್ಲಿ ಒತ್ತಿದ್ರೆ ಗಾಬರಿಲಿ ಉದ್ದ ಎರಡೇ ಸೆಕೆಂಡು, ಗಿಡ್ಡಾನೂ ಎರಡೇ ಸೆಕೆಂಡು, ಕೇಳೋನಿಗೆ ಏನು ತಿಳೀಬೇಕು! ಎಲ್ಲಾ ಸೇರಿ ಹನ್ನೊಂದು ಸಾವಿರದ ಆಸುಪಾಸು, ಹೊಸ ಸೆಟ್‌ಗೆ ಕೇಳಿದ್ದು ಅರವತ್ತು ಸಾವಿರ.

ನಡುವೆ ಹಾರ್ನ್ ಜೊತೆ ಲೈಟೂ ಮಿನುಗಿಸಿ ನೋಡ್ದೆ, ಪಣಜಿ ಹತ್ರ ಕ್ಯಾಸಿನೊ ಬೋಟಿನ ಝಗಮಗದಲ್ಲಿ ಯಾರಿಗೂ ಕಾಣ್ಲಿಲ್ಲ, ಕಿತ್ತೆ. ಮಳೆಗಾಲದಲ್ಲಿ ನದಿ ಬಾಯಲ್ಲಿರೋ ಅಗ್ವಾದ ಬಾರ್ (ಮರಳ ದಿಬ್ಬ) ಬಿಟ್ಟು, ಮಾಂಡವಿಯಿಂದ ಜುವಾರಿ ನದಿಗೆ ಸೇರೋ ಕುಂಬಾರ್ಜುವಾ ಕಾಲುವೆಲಿ ಹೋಗುವಾಗ ಓವರ್‌ಟೇಕ್ ಮಾತೇ ಇಲ್ಲ, ತಿರುವಿಗೊಂದು ಉದ್ದ, ಅಲ್ಲೂ ಇದೇ ಭೋಂಗಾ.

ಅದಿರು ಮತ್ತೆ ಶುರುವಾದ್ಮೇಲೆ ಒಂದಿನ ಮುಂದಿದ್ದ ಲೋಡ್ ಬಾರ್ಜ್‌ಗೆ ಎರಡು ಉದ್ದ ಎರಡು ಗಿಡ್ಡ ಹೊಡೆದೆ, ಅವನು ಉದ್ದ-ಗಿಡ್ಡ-ಉದ್ದ-ಗಿಡ್ಡ ಅಂತ ಒಪ್ಪಿಗೆ ಕೊಟ್ಟು ಸ್ಪೀಡ್ ಇಳಿಸಿ ಬಲಕ್ಕೆ ಸರಿದ. ನಕ್ಕವರಲ್ಲೇ ಇಬ್ಬರು ಆಮೇಲೆ ಡಬ್ಬಿ ನೋಡೋಕೆ ಬಂದ್ರು. ವಾಲ್ವ್‌ಗೆ ಯಾವ ಸ್ಪ್ರಿಂಗ್ ಹಾಕಿದೀನಿ, ಟ್ಯಾಂಕಲ್ಲಿ ನೀರು ನಿಲ್ಲದ ಹಾಗೆ ಏನು ಮಾಡಿದೀನಿ ಅಂತ ಮಾತ್ರ ಅವರಿಗೂ ಹೇಳಿಲ್ಲ, ಇಲ್ಲೂ ಬರೆಯಲ್ಲ.