ಗರುಗದ ಎಣ್ಣೆ: ಒಲೆ ಆರಿಸಲು ಅವಸರ ಬೇಡ

ತಲೆಗೂದಲಿಗೆಂದು ಮನೆಯಲ್ಲಿ ಕಾಯಿಸಿದ ಗರುಗದ ಎಣ್ಣೆ ಬೇಗ ಕಮಟು ವಾಸನೆ ಹೊಡೆಯುತ್ತದೆ ಎಂದು ದೂರುವವರು ಬಹಳ. ತಪ್ಪು ಸೊಪ್ಪಿನದಲ್ಲ. ಎಣ್ಣೆ ಹಸಿರಾಯಿತು, ಘಮ ಬಂತು ಅಂತ ಒಲೆ ಆರಿಸಿಬಿಡುತ್ತಾರೆ. ನೀರಿನಂಶ ಒಳಗೇ ಉಳಿದಿರುತ್ತದೆ.

ಮೊದಲು ಸೊಪ್ಪು. ಗರುಗ, ಕಾಡಿಗೆ ಗರುಗ, ಭೃಂಗರಾಜ ಎಲ್ಲ ಒಂದೇ. ಗದ್ದೆಯ ಬದು, ಕಾಲುವೆಯ ಅಂಚಿನಲ್ಲಿ ತಾನಾಗೇ ಬೆಳೆಯುತ್ತದೆ. ಬಿಳಿ ಹೂವಿನದನ್ನೇ ತನ್ನಿ. ಹಳದಿ ಹೂವಿನ ಗಿಡವನ್ನೂ ಭೃಂಗರಾಜ ಎಂದು ಮಾರುತ್ತಾರೆ. ಅದು ಬೇರೆ ಜಾತಿ. ಅನುಮಾನ ಬಂದರೆ ಎಲೆ, ದಂಟು ಜಜ್ಜಿ ಅಂಗೈಗೆ ಉಜ್ಜಿ. ಸ್ವಲ್ಪ ಹೊತ್ತಿಗೆ ಕಲೆ ಕಪ್ಪಾಗುತ್ತದೆ. ಕೀಟನಾಶಕ ಹೊಡೆದ ಗದ್ದೆಯ ಸೊಪ್ಪು ಬೇಡವೇ ಬೇಡ.

ತೊಳೆದು, ನೀರು ಸೋರಿಸಿ, ರುಬ್ಬಿ, ಹಿಂಡಿ. ಎಣ್ಣೆಯ ನಾಲ್ಕರಷ್ಟು ರಸ, ಕಾಲು ಭಾಗ ಅರೆದ ಸೊಪ್ಪು ಎಂಬುದು ಆಯುರ್ವೇದದ ಲೆಕ್ಕ. ಅಂದರೆ 250 ಮಿ.ಲೀ. ಎಣ್ಣೆಗೆ 1 ಲೀಟರ್ ರಸ. ಅಷ್ಟು ಸೊಪ್ಪು ಸಿಗಲಿಲ್ಲವೇ? ಎಣ್ಣೆ ಕಡಿಮೆ ಮಾಡಿ, ರಸಕ್ಕೆ ನೀರು ಬೆರೆಸಬೇಡಿ. ನನ್ನ ಪ್ರಕಾರ ಗಾಣದ ಕೊಬ್ಬರಿ ಎಣ್ಣೆಯೇ ಸರಿ, ಎಳ್ಳೆಣ್ಣೆಯೂ ನಡೆಯುತ್ತದೆ. ಮೆಂತ್ಯ, ದಾಸವಾಳ, ಕರಿಬೇವು, ಈರುಳ್ಳಿ ಎಲ್ಲ ಸೇರಿಸಿದರೆ ಅದು ಪಲ್ಯ.

ಇನ್ನು ಕಾಯಿಸುವುದು. ದಪ್ಪ ತಳದ ಅಗಲ ಬಾಣಲೆಯಲ್ಲಿ ಮೂರನ್ನೂ ಹಾಕಿ ಸಣ್ಣ ಉರಿಯಲ್ಲಿಡಿ. ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ, ನೊರೆ ಉಕ್ಕುತ್ತದೆ. ನೀರು ಇರುವ ತನಕ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಹೆದರಬೇಕಿಲ್ಲ. ನೀರು ಮುಗಿದ ಕೂಡಲೇ ಬಿಸಿ ಸರ್ರನೆ ಏರುತ್ತದೆ, ತಳದ ಗಸಿ ಸೀಯುತ್ತದೆ. ಹಾಗಾಗಿ ಕೊನೆಯ ಹತ್ತು ನಿಮಿಷ ಫೋನ್ ಬದಿಗಿಟ್ಟು ಕೈಯಾಡಿಸುತ್ತಲೇ ಇರಿ.

ಕಿವಿಗೊಟ್ಟು ಕೇಳಿ. ಮೊದಲಿನ ಗುಳುಗುಳು ಸದ್ದು ಚಟಪಟ ಆಗಿ, ಆಮೇಲೆ ಅಡಗುತ್ತದೆ. ಆಗ ಸೌಟಿನ ತುದಿಯಲ್ಲಿ ಗಸಿ ತೆಗೆದು, ಆರಿಸಿ, ಬೆರಳಲ್ಲಿ ಹೊಸೆಯಿರಿ. ಅಂಟಿದರೆ ಇನ್ನೂ ಹಸಿ. ಅಂಟದೆ ಬತ್ತಿಯಂತೆ ಸುತ್ತಿಕೊಂಡರೆ ಹದ ಬಂತು. ಮರಳಿನಂತೆ ಉದುರಿದರೆ ಹದ ಮೀರಿದೆ. ಆ ಬತ್ತಿಯನ್ನು ಇಕ್ಕಳದಲ್ಲಿ ಹಿಡಿದು, ಬಾಣಲೆಯಿಂದ ದೂರ ಹೋಗಿ, ದೀಪಕ್ಕೆ ತೋರಿಸಿ. ಚಿಟಚಿಟ ಅಂದರೆ ನೀರಿದೆ, ಇನ್ನೂ ಕಾಯಿಸಿ. ಹದಕ್ಕೆ ಎಣ್ಣೆಯ ಮೇಲೆ ನೊರೆ ಏಳುತ್ತದೆ ಎಂದೂ ಶಾಸ್ತ್ರ ಹೇಳುತ್ತದೆ. ತುಪ್ಪವಾದರೆ ಉಲ್ಟಾ, ನೊರೆ ಅಡಗಬೇಕು.

ಉಗುರುಬೆಚ್ಚಗಿರುವಾಗ ತೆಳು ಬಟ್ಟೆಯಲ್ಲಿ ಸೋಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ.

ಇಷ್ಟು ರಗಳೆ ಬೇಡ ಎನ್ನುವವರು ನೆರಳಲ್ಲಿ ಗರಿಗರಿ ಒಣಗಿಸಿದ ಎಲೆಯನ್ನು ಎಣ್ಣೆಯಲ್ಲಿ ಹಾಕಿ ಒಂದು ವಾರ ಬಿಸಿಲಿಗಿಡಬಹುದು. ಸತ್ವ ಕಡಿಮೆ, ಆದರೆ ಕೆಡುವ ಭಯವೂ ಕಡಿಮೆ. ಪೇಟೆಯ ಎಣ್ಣೆ ಕೊಳ್ಳುವುದಾದರೆ ಲೇಬಲ್ ಓದಿ. ಮೊದಲ ಹೆಸರೇ ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಆಗಿದ್ದರೆ ಭೃಂಗರಾಜದ ಚಿತ್ರಕ್ಕೆ ದುಡ್ಡು ಕೊಟ್ಟಂತೆ.

ಹಚ್ಚುವ ಮುನ್ನ ಮೊಣಕೈ ಒಳಭಾಗಕ್ಕೆ ಸವರಿ ಒಂದು ದಿನ ನೋಡಿ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗರುಗದಿಂದ ಕೂದಲು ಬೇಗ ಚಿಗುರಿದ್ದು ಕಂಡಿದೆ. ಅಷ್ಟಕ್ಕೇ ಬೋಳುತಲೆಯಲ್ಲಿ ಕೂದಲು ಬರುತ್ತದೆ ಎಂದು ನಂಬಬೇಡಿ. ಥೈರಾಯ್ಡ್, ರಕ್ತಹೀನತೆಯಿಂದ ಉದುರುವ ಕೂದಲಿಗೆ ಡಾಕ್ಟರೇ ಬೇಕು.

ರಸ ಉಳಿದರೆ ಹಳಬರು ಅದರಲ್ಲಿ ಬಟ್ಟೆ ನೆನೆಸಿ ಒಣಗಿಸಿ, ಬತ್ತಿ ಮಾಡಿ, ಹರಳೆಣ್ಣೆ ದೀಪ ಹಚ್ಚಿ ಮಸಿ ಹಿಡಿದು ಕಾಡಿಗೆ ಮಾಡುತ್ತಿದ್ದರು. ನೀವೂ ಮಾಡಿ ನೋಡಬಹುದು. ಮಗುವಿನ ಕಣ್ಣಿಗೆ ಮಾತ್ರ ಹಚ್ಚಬೇಡಿ.