ಹಲಸಿನಕಾಯಿ ಚಿಪ್ಸಿಗೆ ಪಾಮೊಲಿನ್: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಹಲಸಿನಕಾಯಿ ಚಿಪ್ಸ್ ಎಂದರೆ ತೆಂಗಿನೆಣ್ಣೆಯದ್ದೇ ಆಗಬೇಕು. ತಾಳೆ ಎಣ್ಣೆಯ ಒಂದು ಬಗೆಯಾದ ಪಾಮೊಲಿನ್ ಎಂದು ಬಾಯಿಬಿಟ್ಟರೆ ಸಾಕು, "ಅಯ್ಯೋ, ಆ ಎಣ್ಣೆಯಾ?" ಎಂದು ಮುಖ ಸಿಂಡರಿಸುವವರೇ ಜಾಸ್ತಿ. ಅದೇ ಜನ ಪೇಟೆಯಿಂದ ತರುವ ಬಿಸ್ಕತ್ತು, ಮಿಕ್ಸ್ಚರ್ ಪ್ಯಾಕೆಟಿನ ಹಿಂಬದಿ ಓದುವುದಿಲ್ಲ. ಓದಿದರೆ ಬಹಳಷ್ಟರಲ್ಲಿ ಅದೇ ಎಣ್ಣೆ.

ನಾನು ಮನೆಯಲ್ಲೇ ಚಿಪ್ಸ್ ಮಾಡಿ ಅಂಗಡಿಗಳಿಗೆ ಕೊಡುವವಳು. 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತು. ಒಂದು ಕಿಲೋ ಚಿಪ್ಸ್ 300 ಗ್ರಾಮಿಗಿಂತ ಹೆಚ್ಚು ಎಣ್ಣೆ ಕುಡಿಯುತ್ತದೆ. ಹೀಗಿರುವಾಗ ಆ ದರದಲ್ಲಿ ಹಳೆಯ ಬೆಲೆಗೆ ಪ್ಯಾಕೆಟ್ ಕೊಡಲು ಸಾಧ್ಯವೇ ಇರಲಿಲ್ಲ. ಪಾಮೊಲಿನ್ ಅದರ ಅರ್ಧಕ್ಕಿಂತಲೂ ಎಷ್ಟೋ ಕಡಿಮೆಗೆ ಸಿಗುತ್ತಿತ್ತು. ಆದರೆ ಬಾಣಲೆಗೆ ಸುರಿಯುವ ಮೊದಲು ಅದು ಎಂಥ ಎಣ್ಣೆ ಎಂದು ತಿಳಿಯಬೇಕಿತ್ತು.

ಕೊಲ್ಲಂ ಕಡೆ ನಮಗೆ ನೆಂಟರಿದ್ದಾರೆ. ಅಲ್ಲಿಗೆ ಹೋದಾಗ ಅಂಚಲ್ ಹತ್ತಿರದ ಯೆರೂರಿನಲ್ಲಿ ಎಣ್ಣೆತಾಳೆ ತೋಟ ನೋಡಿ ಬಂದೆ. 1977ರಲ್ಲಿ ಶುರುವಾದ ಆಯಿಲ್ ಪಾಮ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ತೋಟ, ಮಿಲ್ಲು ಎರಡೂ ಆ ಕಡೆಯೇ ಇವೆ. ಮರದ ಮೂಲ ಊರು ಪಶ್ಚಿಮ ಆಫ್ರಿಕ. ಗೊನೆ ಹತ್ತಿಪ್ಪತ್ತು ಕಿಲೋ ತೂಗುತ್ತದೆ. ಅದರ ತುಂಬ ಮುಳ್ಳಿನ ನಡುವೆ ಹಣ್ಣಡಿಕೆ ಗಾತ್ರದ ಕೆಂಪು ಹಣ್ಣು. ಉಗುರಿನಿಂದ ಸಿಪ್ಪೆ ಗೀರಿದರೆ ಬೆರಳಿಗೆ ಕಿತ್ತಳೆ ಬಣ್ಣದ ಜಿಡ್ಡು ಅಂಟುತ್ತದೆ, ಸಾಬೂನು ಹಾಕಿದರೂ ಬೇಗ ಹೋಗುವುದಿಲ್ಲ. ತಾಳೆ ಎಣ್ಣೆ ಬರುವುದು ಈ ತಿರುಳಿನಿಂದ. ಒಳಗಿನ ಬೀಜದ್ದು ಬೇರೆಯೇ ಎಣ್ಣೆ, ಗುಣದಲ್ಲಿ ನಮ್ಮ ತೆಂಗಿನೆಣ್ಣೆಯ ತಮ್ಮ.

ಕೊಪ್ಪರವನ್ನು ಒಣಗಿಸಿ ಗೋಣಿಯಲ್ಲಿ ಕಟ್ಟಿಟ್ಟು ಪುರುಸೊತ್ತಾದಾಗ ಮಿಲ್ಲಿಗೆ ಒಯ್ಯುವ ನಮಗೆ ಅಲ್ಲಿನ ಅವಸರ ವಿಚಿತ್ರವೆನಿಸುತ್ತದೆ. ಗೊನೆ ಕಡಿದ ಒಂದೆರಡು ದಿನದೊಳಗೆ ಮಿಲ್ಲು ಸೇರಲೇಬೇಕು. ಹಣ್ಣು ಜಜ್ಜಿದ ಕೂಡಲೇ ಅದರೊಳಗಿನ ಕಿಣ್ವ ಎಣ್ಣೆಯನ್ನು ಒಡೆಯಲು ತೊಡಗುತ್ತದೆ, ಹುಳಿ ಏರುತ್ತದೆ. ಅದಕ್ಕೇ ಮೊದಲು ಇಡೀ ಗೊನೆಯನ್ನು ಹಬೆಯಲ್ಲಿ ಬೇಯಿಸುತ್ತಾರೆ. ಕಿಣ್ವ ಸಾಯುತ್ತದೆ, ಹಣ್ಣು ಗೊನೆಯಿಂದ ಸುಲಭವಾಗಿ ಉದುರುತ್ತದೆ. ಆಮೇಲೆ ಅರೆದು, ಹಿಂಡಿ, ನೀರು ಮತ್ತು ಗಸಿ ತೆಗೆಯುತ್ತಾರೆ. ಹೀಗೆ ಬಂದ ಎಣ್ಣೆ ದಟ್ಟ ಕೆಂಪು. ಎ ವಿಟಮಿನ್ ಆಗಿ ಬದಲಾಗುವ ಕ್ಯಾರೊಟಿನ್ ಅದರಲ್ಲಿ ಧಾರಾಳ.

ಆದರೆ ಅಂಗಡಿಯಲ್ಲಿ ಸಿಗುವುದು ತಿಳಿ ಹಳದಿ ಎಣ್ಣೆ. ಶುದ್ಧೀಕರಣದಲ್ಲಿ ಬಣ್ಣ, ವಾಸನೆ, ಕ್ಯಾರೊಟಿನ್ ಎಲ್ಲ ಹೋಗಿರುತ್ತವೆ. ನಂತರ ತಣಿಸಿ ಗಟ್ಟಿ ಭಾಗವಾದ ಸ್ಟಿಯರಿನ್ ಬೇರ್ಪಡಿಸಿದರೆ ಉಳಿಯುವ ದ್ರವ ಭಾಗವೇ ಪಾಮೊಲಿನ್. "ಪಾಮಾಯಿಲಿನಲ್ಲಿ ಎ ವಿಟಮಿನ್ ಇದೆ" ಎಂದು ಯಾರಾದರೂ ಹೇಳಿದರೆ ಕೆಂಪು ಎಣ್ಣೆಯಾ, ಹಳದಿಯದ್ದಾ ಎಂದು ಕೇಳಿ.

ಇನ್ನು ಬಾಣಲೆಯ ವಿಷಯ. ಗಟ್ಟಿ ಸೊಳೆಯ ಬಕ್ಕೆ ಹಲಸಿನ ಬೆಳೆದ ಕಾಯಿಯ ಸೊಳೆ ಬಿಡಿಸಿ, ಉದ್ದಕ್ಕೆ ಸೀಳಿ, 170ರಿಂದ 180 ಡಿಗ್ರಿಯಲ್ಲಿ ಕರಿಯುತ್ತೇವೆ. ಮಿಲ್ಲಿನ ತೆಂಗಿನೆಣ್ಣೆ ಹೊಗೆಯಾಡಲು ತೊಡಗುವುದು ಹೆಚ್ಚುಕಡಿಮೆ ಅಲ್ಲೇ. ಸೌದೆ ಒಲೆಯಲ್ಲಿ ಒಂದು ಕೊಳ್ಳಿ ಜಾಸ್ತಿ ಉರಿದರೂ ಮುಗಿಯಿತು. ಪಾಮೊಲಿನ್ 220 ಡಿಗ್ರಿಯವರೆಗೂ ತಡೆದುಕೊಳ್ಳುತ್ತದೆ, ಬೇಗ ಕಮಟುವುದೂ ಇಲ್ಲ. ದೊಡ್ಡ ಕಂಪನಿಗಳು ಅದರ ಹಿಂದೆ ಬಿದ್ದಿರುವುದಕ್ಕೆ ಬೆಲೆಯೊಂದೇ ಕಾರಣವಲ್ಲ ಎಂದು ನನಗೆ ಅರ್ಥವಾದದ್ದು ಒಲೆಯ ಮುಂದೆ.

ಚಿಪ್ಸ್ ಮುಕ್ಕಾಲು ಬೆಂದಾಗ ಉಪ್ಪುನೀರು ಹೊಯ್ಯುವುದು ನಮ್ಮ ಕ್ರಮ. ಎಣ್ಣೆ ಒಮ್ಮೆ ಭೋರೆಂದು ಉಕ್ಕಿ, ಹಬೆ ಎದ್ದು, ಸದ್ದು ನಿಧಾನಕ್ಕೆ ಇಳಿಯುತ್ತದೆ. ಜಾಲರಿ ಸಟ್ಟುಗದಲ್ಲಿ ಎತ್ತಿದಾಗ ಒಣ ಎಲೆಯ ಹಾಗೆ ಗಲಗಲ ಎಂದರೆ ಆಯಿತು. ರುಚಿಗೆ ಇದನ್ನು ಮೀರಿಸಿದ್ದಿಲ್ಲ, ಎಣ್ಣೆಗೆ ಮಾತ್ರ ಇದೇ ವೈರಿ. ಬಿಸಿ ಎಣ್ಣೆಗೆ ನೀರು ಸೇರಿದಷ್ಟೂ ಅದು ಒಡೆಯುತ್ತದೆ. ತೆಂಗಿನೆಣ್ಣೆ ಒಡೆದರೆ ಸಾಬೂನಿನಂಥ ರುಚಿ ನಾಲಿಗೆಗೆ ಹತ್ತುತ್ತದೆ. ಪಾಮೊಲಿನ್‌ನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಗೊತ್ತಾಗದ್ದು ಒಳ್ಳೆಯದೆಂದು ನಾನು ಹೇಳಲಾರೆ. ಹಾಳಾದ ಎಣ್ಣೆಯನ್ನು ನಾಲಿಗೆ ಹಿಡಿಯದಿದ್ದರೆ ಕಣ್ಣೇ ಹಿಡಿಯಬೇಕು: ಬಣ್ಣ ಕಂದಾಯಿತೇ, ನೊರೆ ಇಳಿಯದೆ ನಿಂತಿತೇ, ಎಳೆಎಳೆಯಾಗಿ ಸುರಿಯುತ್ತಿದೆಯೇ ಎಂದು ನೋಡಬೇಕು.

ಎರಡೂ ಎಣ್ಣೆ ಬೆರೆಸಿದರೆ ಪರಿಮಳವೂ ಬರುತ್ತದೆ, ಖರ್ಚೂ ಉಳಿಯುತ್ತದೆ ಎಂದು ಸಲಹೆ ಕೊಟ್ಟವರಿದ್ದಾರೆ. ತೆಂಗಿನೆಣ್ಣೆಯನ್ನು ಇಂಥ ಎಣ್ಣೆಯ ಜೊತೆ ಬೆರೆಸಿ ಕರಿದರೆ ನೊರೆ ಬಾಣಲೆಯ ಅಂಚಿನವರೆಗೂ ಏರುತ್ತದೆ, ಅದರಲ್ಲೂ ಉಪ್ಪುನೀರು ಹೊಯ್ಯುವ ನಮ್ಮಂಥವರಿಗೆ. ಕೆಳಗೆ ಬೆಂಕಿ ಇರುವಾಗ ಈ ಆಟ ಬೇಡ. ನನ್ನಲ್ಲಿ ಡಬ್ಬವೂ ಬೇರೆ, ಬಾಣಲೆಯೂ ಬೇರೆ.

ಆರೋಗ್ಯದ ಪ್ರಶ್ನೆಗೆ ಒಂದು ಲೆಕ್ಕ ಹೇಳುತ್ತೇನೆ. ಪಾಮೊಲಿನ್‌ನಲ್ಲಿ ಅರ್ಧಕ್ಕೆ ಹತ್ತಿರ ಸ್ಯಾಚುರೇಟೆಡ್ ಕೊಬ್ಬು, ಮುಖ್ಯವಾಗಿ ಪಾಮಿಟಿಕ್ ಆಮ್ಲ. ತೆಂಗಿನೆಣ್ಣೆಯಲ್ಲಿ ಅದು ನೂರಕ್ಕೆ ಸುಮಾರು 90. ಹೆಚ್ಚಿನ ಪಾಲು ಲಾರಿಕ್ ಆಮ್ಲ. ಐವತ್ತು ಗ್ರಾಮ್ ಚಿಪ್ಸಿನಲ್ಲಿ ಹದಿನೈದು ಗ್ರಾಮ್ ಎಣ್ಣೆ ಎಂದಿಟ್ಟುಕೊಂಡರೆ ಒಂದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು ಏಳು ಗ್ರಾಮ್, ಇನ್ನೊಂದರಲ್ಲಿ ಹದಿಮೂರು. ಎರಡು ಸಾವಿರ ಕ್ಯಾಲೊರಿ ಉಣ್ಣುವವರು ದಿನಕ್ಕೆ 22 ಗ್ರಾಮ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿಂದ ಬರುವ ಲೆಕ್ಕ. ಎರಡೂ ಎಣ್ಣೆ ಕೆಟ್ಟ ಕೊಲೆಸ್ಟರಾಲ್ ಏರಿಸುತ್ತವೆ. ತೆಂಗಿನೆಣ್ಣೆ ಒಳ್ಳೆಯದನ್ನೂ ಸ್ವಲ್ಪ ಏರಿಸುತ್ತದೆ. ಎರಡಕ್ಕೂ ಕ್ಯಾಲೊರಿ ಗ್ರಾಮಿಗೆ ಒಂಬತ್ತೇ. ಹಾಗಾಗಿ ನಮ್ಮ ಎಣ್ಣೆ ಅಮೃತ, ಅವರದ್ದು ವಿಷ ಎಂಬ ವಾದ ನನಗೆ ಹಿಡಿಸುವುದಿಲ್ಲ. ಚಿಪ್ಸ್ ಮಾರುವವಳಾಗಿ ಹೇಳುತ್ತಿದ್ದೇನೆ: ಮುಷ್ಟಿಯಷ್ಟು ತಿನ್ನಿ, ಪ್ಯಾಕೆಟ್ ಮುಗಿಸಬೇಡಿ.

ಈಗ ಎರಡೂ ಬಗೆ ಮಾಡುತ್ತೇನೆ. ಪರಿಮಳ ಬೇಕೆನ್ನುವವರಿಗೆ ತೆಂಗಿನೆಣ್ಣೆಯದ್ದು, ಬೆಲೆ ಜಾಸ್ತಿ. ಮತ್ತೊಂದರ ಮೇಲೆ ಪಾಮೊಲಿನ್ ಎಂದೇ ಅಚ್ಚು ಹಾಕಿಸಿದ್ದೇನೆ. "ಅಕ್ಕ, ಬರೀ ಖಾದ್ಯ ತೈಲ ಅಂತ ಹಾಕಿದರೆ ಸಾಕಿತ್ತು" ಎಂದು ಕುಂಬಳೆಯ ಅಂಗಡಿಯವರೊಬ್ಬರು ಹೇಳಿದರು. "ಯಾವ ಎಣ್ಣೆ ಅಂತ ಬರೆಯಲೇಬೇಕು ಅಣ್ಣ, ಕಾನೂನೇ ಹಾಗಿದೆ" ಎಂದೆ. ಅವರು ಆ ಪ್ಯಾಕೆಟುಗಳನ್ನು ಹಿಂದಿನ ಸಾಲಿನಲ್ಲಿಟ್ಟರು. ಖಾಲಿಯಾಗುವುದು ಮೊದಲು ಅವೇ.

ಕರಿದು ಉಳಿದ ಎಣ್ಣೆಯದ್ದು ಇನ್ನೊಂದು ರಗಳೆ. ಪೋಲಾರ್ ಸಂಯುಕ್ತಗಳು (ಕರಿಯುತ್ತ ಎಣ್ಣೆ ಒಡೆದು ಹುಟ್ಟುವ ವಸ್ತುಗಳು) ನೂರಕ್ಕೆ 25 ಮೀರಿದ ಎಣ್ಣೆಯಲ್ಲಿ ಕರಿಯಬಾರದೆಂಬ ನಿಯಮ 2018ರ ಜುಲೈಯಿಂದ ದೇಶದಲ್ಲಿದೆ. ಅದನ್ನು ಅಳೆಯಲು ಅದ್ದಿ ನೋಡುವ ಪಟ್ಟಿಗಳು ಸಿಗುತ್ತವೆ. ನಾನು ಅಷ್ಟರವರೆಗೆ ಕಾಯದೆ ಬಣ್ಣ ತಿರುಗಿದ ಕೂಡಲೇ ಇಳಿಸುತ್ತೇನೆ. ತಟ್ಟುಕಡೆಗೆ, ಅಂದರೆ ರಸ್ತೆಬದಿಯ ತಿಂಡಿ ಅಂಗಡಿಗೆಂದು, ಅದನ್ನು ಅರ್ಧ ರೇಟಿಗೆ ಕೇಳಿಕೊಂಡು ಬರುವವರಿದ್ದಾರೆ. ಅವರಿಗೆ ಕೊಡುವುದಿಲ್ಲ, ಕ್ಯಾನಿನಲ್ಲಿ ತುಂಬಿಸಿಟ್ಟು, ಬಯೋಡೀಸೆಲಿಗೆಂದು ಸಂಗ್ರಹಿಸುವ ವಾಹನ ಬಂದಾಗ ಕೊಡುತ್ತೇನೆ. ಸಿಗುವ ದುಡ್ಡು ಕಡಿಮೆಯೇ, ಸೌದೆ ಖರ್ಚಿಗೂ ಸಾಲದು.