ಓಡುವಾಗ ಎದೆಬಡಿತದ ಲೆಕ್ಕ ಸರಿಹೋಗಿದ್ದು ಹೀಗೆ

ಪಕ್ಕದವರ ಜೊತೆ ಆರಾಮಾಗಿ ಮಾತಾಡ್ತಾ ನಿಧಾನಕ್ಕೆ ಓಡ್ತಿದ್ರೂ ಎದೆಬಡಿತ ಅಳೆಯೋ ಕೈಗಡಿಯಾರ ನಿಮಿಷಕ್ಕೆ 170 ತೋರಿಸ್ತಿತ್ತು. ನಿಂತ ತಕ್ಷಣ ಕತ್ತಿನ ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದೆ: 136. ಗಡಿಯಾರ ಎಣಿಸ್ತಿದ್ದದ್ದು ನನ್ನ ಹೆಜ್ಜೆಗಳನ್ನ!

ಮಣಿಕಟ್ಟಿನ ಸೆನ್ಸರ್ ಚರ್ಮಕ್ಕೆ ಹಸಿರು ಬೆಳಕು ಹಾಯಿಸಿ ರಕ್ತದ ಏರಿಳಿತ ನೋಡುತ್ತೆ. ಕೈ ಬೀಸುವ ಲಯ ಜೋರಾದ್ರೆ ಅದನ್ನೇ ಬಡಿತ ಅಂದುಕೊಳ್ಳುತ್ತೆ. ಗಡಿಯಾರನ ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿದೆ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ.

ಕೊನೆಗೆ ಎದೆಪಟ್ಟಿ ತಗೊಂಡೆ. ಇದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತೆ. ಒಣಗಿದ್ದಾಗ ಹಾಕಿದ್ರೆ ಬೆವರು ಬರೋವರೆಗೂ ಅಂಕಿ ಎಲ್ಲೆಲ್ಲೋ ಜಿಗಿಯುತ್ತೆ, ಹಾಗಾಗಿ ಒಳಭಾಗದ ಎರಡೂ ಪ್ಯಾಡ್ ನೀರಲ್ಲಿ ಒದ್ದೆ ಮಾಡಲೇಬೇಕು. ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಚರ್ಮ ಉಜ್ಜುತ್ತೆ. ದಯವಿಟ್ಟು ಮೆತ್ತನೆ ಬಟ್ಟೆಯದ್ದೇ ಆರಿಸಿ, ಉಜ್ಜುವ ಕಡೆ ಚೂರು ವ್ಯಾಸಲಿನ್ ಹಚ್ಚಿ. ಈಗ ಅಂಕಿ ನಾಡಿ ಲೆಕ್ಕಕ್ಕೆ ತಾಳೆಯಾಗ್ತಿದೆ, ನಿಜಕ್ಕೂ ನೆಮ್ಮದಿ.

ಎದೆಗೆ ಕಟ್ಟೋದು ಹಿಂಸೆ ಅನ್ನೋರಿಗೆ ತೋಳುಪಟ್ಟಿ ಇದೆ. ಅದೂ ಬೆಳಕಿನದ್ದೇ, ಆದ್ರೆ ತೋಳು ಮಣಿಕಟ್ಟಿನಷ್ಟು ಅಲುಗಾಡಲ್ಲ.

ಓಟ ಮುಗಿದ ಮೇಲೆ ಎದೆಪಟ್ಟಿಯಿಂದ ಸೆನ್ಸರ್ ಬಿಚ್ಚಿಡಿ, ಪಟ್ಟಿ ತೊಳೆದು ನೆರಳಲ್ಲಿ ಒಣಗಿಸಿ. ಒದ್ದೆ ಪಟ್ಟಿಯಲ್ಲೇ ಬಿಟ್ರೆ ಬ್ಯಾಟರಿ ಬೇಗ ಖಾಲಿಯಾಗುತ್ತೆ.